ಫೌಂಡ್ರಿಯ ಸುಟ್ಟ ಮರಳು, ಪಕ್ಕದವರ ಪೇವರ್ ಬ್ಲಾಕು

ಬೆಳಗಾವಿಯ ಉದ್ಯಮಬಾಗದಿಂದ ಓದುಗರೊಬ್ಬರು ಬರೆದಿದ್ದಾರೆ: 'ಒಂದು ಕಾರ್ಖಾನೆಯ ತ್ಯಾಜ್ಯವನ್ನು ಪಕ್ಕದ ಕಾರ್ಖಾನೆ ಕಚ್ಚಾವಸ್ತುವಾಗಿ ಬಳಸುವ ಡೆನ್ಮಾರ್ಕಿನ ಊರು ಕಲುಂಡ್‌ಬೋರ್ಗ್ ಕುರಿತ ನಿಮ್ಮ ಲೇಖನ ಓದಿ, ನಮ್ಮ ಕಬ್ಬಿಣದ ಫೌಂಡ್ರಿಯಲ್ಲಿ ಎರಕದ ಅಚ್ಚಿಗೆ ಬಳಸಿ ಸುಟ್ಟ ಮರಳನ್ನು ಹತ್ತಿರದ ಪೇವರ್ ಬ್ಲಾಕ್ ಘಟಕಕ್ಕೆ ಪುಕ್ಕಟೆ ಕೊಟ್ಟೆವು. ಎರಡು ಲೋಡು ಸಲೀಸಾಗಿ ಹೋಯಿತು. ಮೂರನೆಯದು ವಾಪಸ್ ಬಂತು. ಬ್ಲಾಕಿನ ಅಂಚು ಉದುರುತ್ತದೆ, ವಾಸನೆ ಬರುತ್ತದೆ, ಮೈಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ ಎಂದರು. ಅದೇ ಫೌಂಡ್ರಿ, ಅದೇ ಮರಳು. ಇದೆಲ್ಲ ನಮ್ಮಲ್ಲಿ ಆಗದ ಮಾತೇ?'

ಖಂಡಿತ ಆಗುವ ಮಾತು. ಆದರೆ ಮರಳು 'ಅದೇ' ಆಗಿರಲಿಲ್ಲ ಎಂದು ಆ ಮೂರು ದೂರುಗಳೇ ಹೇಳುತ್ತಿವೆ.

ಮೊದಲು ಅಂಚು ಉದುರುವುದು. ಅಚ್ಚಿಗೆ ಬಳಸುವ ತೇವದ ಮರಳಾದ ಗ್ರೀನ್ ಸ್ಯಾಂಡಿನಲ್ಲಿ ಸಿಲಿಕಾ ಮರಳಿನ ಜೊತೆ ಬೆಂಟೊನೈಟ್ ಮತ್ತು ಕಲ್ಲಿದ್ದಲ ಪುಡಿ ಇರುತ್ತವೆ. ಬೆಂಟೊನೈಟ್ ನೀರು ಕುಡಿದು ಉಬ್ಬುವ ಮಣ್ಣು. ಮಿಕ್ಸರಿನಲ್ಲಿ ಸಿಮೆಂಟಿಗೆಂದು ಹಾಕಿದ ನೀರನ್ನು ಅದು ಹೀರುತ್ತದೆ, ಮಿಶ್ರಣ ಒಣಗಿದಂತೆ ಕಾಣುತ್ತದೆ, ಕೆಲಸದವರು ಇನ್ನೊಂದಿಷ್ಟು ನೀರು ಸುರಿಯುತ್ತಾರೆ. ಬಲ ಕುಸಿಯುವುದು ಅಲ್ಲಿಂದಲೇ. 75 ಮೈಕ್ರಾನಿಗಿಂತ ಸಣ್ಣ ಪುಡಿ ಎಂ-ಸ್ಯಾಂಡಿನಲ್ಲೂ ಇರುತ್ತದೆ. ಕಾಂಕ್ರೀಟಿನ ಮರಳು, ಜಲ್ಲಿಗಳ ಭಾರತೀಯ ಮಾನದಂಡ ಐಎಸ್ 383 (2016) ಅದಕ್ಕೆ ಶೇ 15ರವರೆಗೆ ಅವಕಾಶ ಕೊಟ್ಟಿದೆ. ಆದರೆ ಅದು ಕಲ್ಲಿನ ಪುಡಿ, ಉಬ್ಬುವುದಿಲ್ಲ. ಹಾಗಾಗಿ ಜರಡಿಯ ಲೆಕ್ಕವೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಮೋಲ್ಡಿಂಗ್ ಮರಳಿನಲ್ಲಿ ಸಕ್ರಿಯ (ಇನ್ನೂ ಉಬ್ಬಬಲ್ಲ) ಮಣ್ಣು ಎಷ್ಟಿದೆ ಎಂದು ನೋಡಲು ಫೌಂಡ್ರಿ ಲ್ಯಾಬುಗಳಲ್ಲಿ ಮಿಥಿಲೀನ್ ಬ್ಲೂ ಪರೀಕ್ಷೆ ಮಾಡುತ್ತಾರಲ್ಲ, ಬ್ಲಾಕಿನವರಿಗೆ ಬೇಕಾದ ಅಂಕಿಯೂ ಅದೇ. ಪ್ರತಿ ಲೋಡಿನ ಚೀಟಿಯ ಮೇಲೆ ಅದನ್ನು ಬರೆದು ಕಳಿಸಿ. ಜೊತೆಗೆ ಕಲ್ಲಿದ್ದಲ ಪುಡಿಗಾಗಿ ಉರಿನಷ್ಟವನ್ನೂ (ಸುಟ್ಟಾಗ ಕಡಿಮೆಯಾಗುವ ತೂಕ) ಬರೆಯಿರಿ: 110 ಡಿಗ್ರಿಯಲ್ಲಿ ಒಣಗಿಸಿ ತೂಗುವುದು, 950 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ ಮತ್ತೆ ತೂಗುವುದು.

ವಾಸನೆ ಬಂದದ್ದು ಬಹುಶಃ ಕೋರ್ ಮರಳಿನಿಂದ, ಅಂದರೆ ಎರಕದೊಳಗೆ ಟೊಳ್ಳು ಉಳಿಸಲು ಇಡುವ ಮರಳಿನ ತಿರುಳಿನಿಂದ. ರೆಸಿನ್ (ಅಂಟು ರಾಳ) ಹಾಕಿ ಗಟ್ಟಿ ಮಾಡಿದ ಕೋರಿನ ಒಳಭಾಗ ಪೂರ್ತಿ ಸುಡದೆ ಉಳಿದಿರುತ್ತದೆ. ನಾಕ್‌ಔಟ್ (ಅಚ್ಚು ಒಡೆದು ಎರಕ ತೆಗೆಯುವುದು) ಆದಮೇಲೆ ಕೋರಿನ ತುಂಡು, ಮೋಲ್ಡಿನ ಮರಳು, ಬ್ಯಾಗ್ ಫಿಲ್ಟರಿನ ಧೂಳು ಮೂರನ್ನೂ ಒಂದೇ ಗುಡ್ಡೆಗೆ ಸುರಿದರೆ, ಯಾವ ಲೋಡಿನಲ್ಲಿ ಏನು ಹೋಯಿತೆಂದು ಯಾರಿಗೂ ತಿಳಿಯದು. ಗೋಡೆ ಹಾಕಿದ ಮೂರು ಅಂಕಣ, ಮೇಲೊಂದು ಶೀಟು: ಇಷ್ಟು ಖರ್ಚು ತಪ್ಪದು. ಸೋಡಿಯಂ ಸಿಲಿಕೇಟ್ ಕೋರ್ ಇದ್ದರೆ ಅದಕ್ಕೆ ನಾಲ್ಕನೆಯ ಅಂಕಣ ಬೇಕು. ಅದರ ಕ್ಷಾರ ಕಾಂಕ್ರೀಟಿಗೆ ಒಳ್ಳೆಯದಲ್ಲ. ಫಿಲ್ಟರಿನ ಧೂಳನ್ನಂತೂ ಬ್ಲಾಕಿಗೆ ಕೊಡಲೇಬೇಡಿ.

ತುಕ್ಕಿನ ಚುಕ್ಕೆ ಸುಲಭದ ಸಮಸ್ಯೆ. ಕಬ್ಬಿಣದ ಹನಿಗಳನ್ನು ಮ್ಯಾಗ್ನೆಟಿಕ್ ಸೆಪರೇಟರ್ ಹಿಡಿಯುತ್ತದೆ, ಉಳಿದ ಗಂಟುಗಳನ್ನು 4.75 ಮಿ.ಮೀ. ಜರಡಿ ತಡೆಯುತ್ತದೆ.

ಇನ್ನು ಬ್ಲಾಕಿನವರ ಕಡೆಯ ಕೆಲಸ. ಫೌಂಡ್ರಿ ಮರಳಿನ ಕಾಳು ಸಣ್ಣದು, ಹೆಚ್ಚುಕಡಿಮೆ ಒಂದೇ ಅಳತೆಯದು. ಎಂ-ಸ್ಯಾಂಡಿನಲ್ಲಿ ಕೊರತೆ ಬೀಳುವ ಮಧ್ಯದ ಅಳತೆಯನ್ನು ಅದು ತುಂಬಬಲ್ಲದು, ಪೂರ್ತಿ ಮರಳಿನ ಜಾಗಕ್ಕೆ ಬಾರದು. ಮರಳಿನ ತೂಕದಲ್ಲಿ ಶೇ 10, 20, 30 ಬದಲಿಸಿ ಮೂರು ಬ್ಯಾಚ್, ಏನೂ ಬದಲಿಸದ ಒಂದು ಬ್ಯಾಚ್ ಹಾಕಲಿ. ನೀರು–ಸಿಮೆಂಟ್ ಪ್ರಮಾಣ ನಾಲ್ಕಕ್ಕೂ ಒಂದೇ ಇರಲಿ. 7 ಮತ್ತು 28ನೇ ದಿನ ಪೇವರ್ ಬ್ಲಾಕಿನ ಮಾನದಂಡ ಐಎಸ್ 15658ರ ಪ್ರಕಾರ ಒಡೆದು ನೋಡಲಿ. ಎರಡು ಪದರದ ಬ್ಲಾಕಾದರೆ ಈ ಮರಳು ಕೆಳಪದರಕ್ಕೆ ಮಾತ್ರ. ಕಲ್ಲಿದ್ದಲ ಪುಡಿ ಮೇಲ್ಪದರದ ಬಣ್ಣ ಕೆಡಿಸುತ್ತದೆ.

ಕಲುಂಡ್‌ಬೋರ್ಗ್ ವಿಚಾರಕ್ಕೆ ಬಂದರೆ, ಅಲ್ಲೂ ಯಾರೋ ನಕ್ಷೆ ಬರೆದು ಊರು ಕಟ್ಟಲಿಲ್ಲ. 1972ರಲ್ಲಿ ತೈಲ ಸಂಸ್ಕರಣಾಗಾರದ ಹೆಚ್ಚುವರಿ ಅನಿಲ ಪಕ್ಕದ ಜಿಪ್ಸಮ್ ಹಲಗೆ ಕಾರ್ಖಾನೆಗೆ ಹೋಯಿತು. ಮುಂದಿನದ್ದೂ ಹೀಗೇ, ಇಬ್ಬಿಬ್ಬರು ಕೂತು ಲಾಭ ನೋಡಿ ಮಾಡಿಕೊಂಡ ಒಪ್ಪಂದಗಳು. ಅಸ್ನೆಸ್ ವಿದ್ಯುತ್ ಸ್ಥಾವರ ಹೊಗೆಯ ಗಂಧಕ ತೆಗೆಯುವಾಗ ಸಿಗುತ್ತಿದ್ದ ಜಿಪ್ಸಮ್ಮನ್ನು 1993ರಿಂದ ಅದೇ ಹಲಗೆ ಕಾರ್ಖಾನೆ ಕೊಂಡಿತು. ಈಗ ಸ್ಥಾವರ ಕಲ್ಲಿದ್ದಲು ಬಿಟ್ಟು ಮರದ ಚೂರು ಸುಡುತ್ತಿದೆ; ಆ ಜಿಪ್ಸಮ್ ಇನ್ನಿಲ್ಲ. ಕೊಡುವವರು ತಮ್ಮ ವಿಧಾನ ಬದಲಿಸಿದರೆ ಪಡೆಯುವವರ ಕಚ್ಚಾವಸ್ತುವೇ ಮಾಯವಾಗುತ್ತದೆ. ನೀವು ನಾಳೆ ಮರಳು ಕಟ್ಟುವ ಬೈಂಡರ್ ಬದಲಿಸಿದರೂ ಅಷ್ಟೇ.

ಆದ್ದರಿಂದ ಬಾಯಿಮಾತು ಸಾಲದು. ಮಿಥಿಲೀನ್ ಬ್ಲೂ, ಉರಿನಷ್ಟ, ತೇವಾಂಶದ ಗರಿಷ್ಠ ಮಿತಿ. ಬೈಂಡರ್ ಬದಲಿಸುವ ಮುನ್ನ ತಿಳಿಸುವುದು. ತಿರಸ್ಕರಿಸಿದ ಲೋಡಿನ ಬಾಡಿಗೆ ಯಾರದ್ದು ಎಂಬುದು, ಎಲ್ಲವೂ ಕಾಗದದ ಮೇಲಿರಲಿ. ಪುಕ್ಕಟೆ ಕೊಡುವುದೂ ಬೇಡ. ಟನ್ನಿಗೆ ಸಣ್ಣ ದರವಿದ್ದರೂ ಸಾಕು, ಗುಣಮಟ್ಟ ಕೇಳುವ ಹಕ್ಕು ಬ್ಲಾಕಿನವರಿಗೆ ಬರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರದಲ್ಲಿ ಮರಳಿನ ವಿಲೇವಾರಿ ಹೇಗೆಂದು ಬರೆದಿದೆ ನೋಡಿ, ಹೊಸ ದಾರಿಯನ್ನು ಮೊದಲು ಅದರಲ್ಲಿ ಸೇರಿಸಿಕೊಳ್ಳಿ. ಲೋಹ ನೀರಿಗೆ ಸೋರುತ್ತದೆಯೇ ಎಂಬ ಪರೀಕ್ಷೆಯ ವರದಿಯೂ ಕೈಯಲ್ಲಿರಲಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2014ರಲ್ಲಿ ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ ಫೌಂಡ್ರಿಗಳ ಸಿಲಿಕಾ ಮರಳಿನ ಕೆಲವು ಮರುಬಳಕೆಗಳನ್ನು ಒಪ್ಪಿತು. ಹಿತ್ತಾಳೆ, ಕಂಚಿನವರದನ್ನು ಆ ಪಟ್ಟಿಗೆ ಸೇರಿಸಲಿಲ್ಲ, ಅದರಲ್ಲಿ ಸೀಸದ ಭಯವಿದೆ. ನೆರೆಯ ಹಿತ್ತಾಳೆ ಫೌಂಡ್ರಿಯವರು 'ನಮ್ಮದೂ ಒಂದು ಲೋಡು ಸೇರಿಸಿ' ಎಂದರೆ ಒಪ್ಪಬೇಡಿ.

ಕೊನೆಯದಾಗಿ, ಒಣ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ. ನಿಮ್ಮ ಕೆಲಸಗಾರರಿಗೆ ಇದು ಗೊತ್ತಿರಬಹುದು, ಬ್ಲಾಕಿನವರ ಬಳಿ ಸಲಿಕೆ ಹಿಡಿಯುವವರಿಗೆ ಗೊತ್ತಿರಲಿಕ್ಕಿಲ್ಲ. ಲೋಡು ಇಳಿಸುವ ಮೊದಲು ನೀರು ಚಿಮುಕಿಸುವುದನ್ನೂ ಧೂಳು ತಡೆಯುವ ಮಾಸ್ಕನ್ನೂ ಒಪ್ಪಂದದಲ್ಲೇ ಬರೆಯಿರಿ.