ತರಬೇತಿ ವಿಡಿಯೊ ನೋಡಿದ ರೈತರು ಅದನ್ನು ಹೊಲದಲ್ಲಿ ಏಕೆ ಮಾಡುವುದಿಲ್ಲ?

ತಪ್ಪು ಹೆಚ್ಚಾಗಿ ವಿಡಿಯೊದ್ದೇ: ಅರ್ಧ ಗಂಟೆಯಲ್ಲಿ ಇಡೀ ಬೆಳೆಯ ಪುರಾಣ ಹೇಳಲು ಹೊರಟಿರುತ್ತದೆ. ಒಂದು ವಿಡಿಯೊಗೆ ಒಂದೇ ಕೆಲಸ, 8–10 ನಿಮಿಷ ಸಾಕು.

ಭತ್ತದ ಬೀಜ ಆಯ್ಕೆಯನ್ನೇ ತೆಗೆದುಕೊಳ್ಳಿ. ನೀರಿಗೆ ಉಪ್ಪು ಕರಗಿಸುತ್ತಾ ಹೋದಂತೆ ತಳದಲ್ಲಿದ್ದ ಹಸಿಮೊಟ್ಟೆ ಮೇಲೇಳುವುದನ್ನು ಕತ್ತರಿಸದೆ, ಹತ್ತಿರದಿಂದ ತೋರಿಸಿ. ಮೊಟ್ಟೆಯ ತುದಿ ನಾಣ್ಯದಗಲ ಹೊರಗೆ ಕಂಡಾಗ ಮೊಟ್ಟೆ ತೆಗೆದು ಬೀಜ ಸುರಿಯಬೇಕು. ತೇಲಿದ ಜೊಳ್ಳು ಎಸೆದು, ಮುಳುಗಿದ ಬೀಜವನ್ನು ಎರಡು-ಮೂರು ಸಲ ಶುದ್ಧ ನೀರಲ್ಲಿ ತೊಳೆಯಬೇಕು. ಸಂಕಲನದಲ್ಲಿ ಹಾರಿಹೋಗುವುದು ಈ ತೊಳೆಯುವ ದೃಶ್ಯವೇ. ಆಮೇಲೆ ಉಪ್ಪಿನಿಂದ ಮೊಳಕೆ ಕೆಟ್ಟು, ದೂರು ವಿಧಾನದ ಮೇಲೆ ಬರುತ್ತದೆ.

ರೈತರಿಗೆ ವಿಡಿಯೊ ತೋರಿಸುವಾಗ ನಡುನಡುವೆ ನಿಲ್ಲಿಸಿ, ‘ಮುಂದೇನು?’ ಎಂದು ಕೇಳಿ. ಅವರೇ ಮಾಡಿ ನೋಡಲು ಬಕೆಟ್, ಉಪ್ಪು, ಮೊಟ್ಟೆ ಪಕ್ಕದಲ್ಲೇ ಇರಲಿ. ಚಿತ್ರ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಚಿತ್ರೀಕರಣಕ್ಕೆ ಕಾಲರ್ ಮೈಕ್ ಬಳಸಿ.