"ನೋ ಬೂಟೆಬಲ್ ಡಿವೈಸ್" ಬಂತು ಅಂತ ಪುನಃ ಇನ್‌ಸ್ಟಾಲ್ ಮಾಡ್ಬೇಡಿ

ವಿಂಡೋಸ್ ಪೂರ್ತಿ ತೆಗ್ದು ಉಬುಂಟು ಹಾಕಿದೆ, ಇನ್‌ಸ್ಟಾಲ್ ಎಲ್ಲ ಸರಿ ಆಯ್ತು, ಪೆನ್‌ಡ್ರೈವ್ ತೆಗ್ದು ರೀಸ್ಟಾರ್ಟ್ ಮಾಡಿದ್ರೆ ಕಪ್ಪು ಸ್ಕ್ರೀನಲ್ಲಿ "ನೋ ಬೂಟೆಬಲ್ ಡಿವೈಸ್" ಅಂತ ಬರ್ತದೆ, ಹಾರ್ಡ್‌ಡಿಸ್ಕ್ ಹೋಯ್ತಾ, ಇನ್ನೊಮ್ಮೆ ಇನ್‌ಸ್ಟಾಲ್ ಮಾಡ್ಲಾ ಅಂತ ಕೇಳಿದ್ದೀರಲ್ಲ. ಮಾಡ್ಬೇಡಿ ಮಾರಾಯ್ರೆ. ಪೆನ್‌ಡ್ರೈವ್ ಹಾಕಿ "ಟ್ರೈ ಉಬುಂಟು" ಕೊಡಿ, ಫೈಲ್ಸ್ ಓಪನ್ ಮಾಡಿ ನಿಮ್ಮ ಡಿಸ್ಕ್ ಒತ್ತಿ ನೋಡಿ. ಹೋಮ್ ಫೋಲ್ಡರ್ ಒಳಗೆ ನೀವು ಕೊಟ್ಟ ಹೆಸರು ಕಾಣ್ತದಾ? ಕಂಡ್ರೆ ಉಬುಂಟು ಅಲ್ಲೇ ಉಂಟು, ಅದನ್ನು ಸ್ಟಾರ್ಟ್ ಮಾಡುವ ದಾರಿ ಮಾತ್ರ ಲ್ಯಾಪ್‌ಟಾಪಿಗೆ ಗೊತ್ತಾಗ್ತಾ ಇಲ್ಲ.

ಉಡುಪಿಯಲ್ಲಿ ಅಕ್ಕನ ಮಗಳ ಲ್ಯಾಪ್‌ಟಾಪಿಗೂ ಹೋದ ಮಳೆಗಾಲ ಹೀಗೇ ಆದದ್ದು. ಒಂದು ಅಂಗಡಿಯಲ್ಲಿ ತೋರಿಸಿದ್ರೆ ಡಿಸ್ಕ್ ಚೇಂಜ್ ಮಾಡ್ಬೇಕು ಅಂದ್ರಂತೆ, ಅವಳಿಗೆ ಪ್ರಾಜೆಕ್ಟ್ ಕೊಡ್ಲಿಕ್ಕೆ ನಾಲ್ಕೇ ದಿನ ಇತ್ತು, ಪಾಪ ಅಳುದೊಂದು ಬಾಕಿ. ನಾನು ಮಂಗಳೂರಿಂದ ಹೋಗಿ ಎರಡು ಸಲ ಇನ್‌ಸ್ಟಾಲ್ ಮಾಡಿದೆ, ಎರಡು ಸಲವೂ ಅದೇ ಕಪ್ಪು ಸ್ಕ್ರೀನ್. ಮತ್ತೆ ಎಫ್12 ಒತ್ತಿ ಬೂಟ್ ಮೆನು (ಯಾವುದರಿಂದ ಸ್ಟಾರ್ಟ್ ಆಗ್ಬೇಕು ಅಂತ ಕೇಳುವ ಪಟ್ಟಿ) ಸರಿಯಾಗಿ ಓದಿದಾಗ ಗೊತ್ತಾಯ್ತು, ಅದ್ರಲ್ಲಿ ಒಂದೇ ಪೆನ್‌ಡ್ರೈವಿನ ಹೆಸರು ಎರಡು ಸಲ ಉಂಟು, ಒಂದು ಬರೀ ಹೆಸರು, ಇನ್ನೊಂದರ ಹಿಂದೆ "ಯುಇಎಫ್‌ಐ" ಅಂತ. ನಾನು ಎರಡು ಸಲವೂ ಮೇಲೆ ಇದ್ದ ಬರೀ ಹೆಸರಿಗೇ ಎಂಟರ್ ಒತ್ತಿದ್ದು.

ಅದು ಲೆಗಸಿ ಮೋಡ್, ಅಂದ್ರೆ ಕಂಪ್ಯೂಟರ್ ಸ್ಟಾರ್ಟ್ ಮಾಡುವ ಹಳೇ ಕ್ರಮ, ಯುಇಎಫ್‌ಐ ಅಂದ್ರೆ ಹೊಸ ಕ್ರಮ. ಹಾಗೆ ಸ್ಟಾರ್ಟ್ ಮಾಡಿದ್ರೆ ಇನ್‌ಸ್ಟಾಲರ್ ಗ್ರಬ್ ಅನ್ನು (ಉಬುಂಟು ಸ್ಟಾರ್ಟ್ ಮಾಡುವ ಸಣ್ಣ ಪ್ರೋಗ್ರಾಂ) ಡಿಸ್ಕಿನ ಶುರುವಿನ ಸೆಕ್ಟರ್‌ಗಳಲ್ಲಿ ಬರೀತದೆ. ಯುಇಎಫ್‌ಐ ಮೋಡ್‌ನಲ್ಲಿರುವ ಲ್ಯಾಪ್‌ಟಾಪ್ ಅಲ್ಲಿ ನೋಡುದೇ ಇಲ್ಲ, ಅದು ಹುಡುಕುದು ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಒಂದು ಸಣ್ಣ ಇಎಫ್‌ಐ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಒಳಗೆ. 2012ರಲ್ಲಿ ವಿಂಡೋಸ್ 8 ಬಂದ ಮೇಲಿನ ಲ್ಯಾಪ್‌ಟಾಪ್ ಆದ್ರೆ ನಿಮ್ಮದೂ ಹೆಚ್ಚಾಗಿ ಯುಇಎಫ್‌ಐಯೇ.

ಈಗ ಯುಇಎಫ್‌ಐ ಅಂತ ಇರುವ ಹೆಸರನ್ನೇ ಸೆಲೆಕ್ಟ್ ಮಾಡಿ ಪೆನ್‌ಡ್ರೈವಿಂದ ಬೂಟ್ ಆಗಿ. ಸರಿಯಾಗಿ ಆಯ್ತಾ ಅಂತ ನೋಡ್ಲಿಕ್ಕೆ ಪೆನ್‌ಡ್ರೈವಿಂದ ಸ್ಟಾರ್ಟ್ ಆದ ಉಬುಂಟುವಿನ (ಡಿಸ್ಕಿನದ್ದಲ್ಲ) ಸಿಸ್ (sys) ಫೋಲ್ಡರ್, ಅದರೊಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ ಅಂತ ಫೋಲ್ಡರ್ ಉಂಟಾ ನೋಡಿ, ಇಲ್ಲದಿದ್ರೆ ನೀವು ಪುನಃ ಲೆಗಸಿಯಲ್ಲೇ ಇದ್ದೀರಿ. ಆಮೇಲೆ ಜಿಪಾರ್ಟೆಡ್ (ಪಾರ್ಟಿಷನ್ ನೋಡುವ, ಬದಲಿಸುವ ಪ್ರೋಗ್ರಾಂ) ಓಪನ್ ಮಾಡಿ. ಫ್ಯಾಟ್32 ಇಎಫ್‌ಐ ಪಾರ್ಟಿಷನ್ ಇಲ್ಲದಿದ್ರೆ ದೊಡ್ಡ ಪಾರ್ಟಿಷನ್ ಸ್ವಲ್ಪ ಸಣ್ಣ ಮಾಡಿ 300 ಎಂಬಿ ಜಾಗ ಬಿಡಿಸಿ ಅಲ್ಲಿ ಅಂಥ ಪಾರ್ಟಿಷನ್ ಒಂದು ಹೊಸದಾಗಿ ಮಾಡಿ, ಅದಕ್ಕೆ ಇಎಸ್‌ಪಿ ಫ್ಲ್ಯಾಗ್, ಅಂದ್ರೆ ಇದೇ ಇಎಫ್‌ಐ ಪಾರ್ಟಿಷನ್ ಅನ್ನುವ ಗುರುತು, ಹಾಕಿ (ಇದಕ್ಕೆ ಮೊದಲು ಬೇಕಾದ ಫೈಲ್ ಇದ್ರೆ ಬೇರೆ ಕಡೆ ಕಾಪಿ ಮಾಡಿಡಿ, ಚಾರ್ಜರ್ ಹಾಕಿಯೇ ಇರಿ, ನಮ್ಮ ಊರಿನ ಮಳೆಗೆ ಕರೆಂಟ್ ಯಾವಾಗ ಹೋಗ್ತದೆ ಹೇಳ್ಲಿಕ್ಕೆ ಆಗುದಿಲ್ಲ). ಮತ್ತೆ ನೆಟ್ ಕನೆಕ್ಟ್ ಮಾಡಿ ಬೂಟ್ ರಿಪೇರ್ ಅನ್ನುವ ಪ್ರೋಗ್ರಾಂ (ಗ್ರಬ್ ಸರಿ ಮಾಡುವಂಥದ್ದು) ಹಾಕಿ "ರೆಕಮೆಂಡೆಡ್ ರಿಪೇರ್" ಒತ್ತಿ. ಅವಳದ್ದು ಅಷ್ಟಕ್ಕೇ ಸರಿ ಆಯ್ತು, ಡಿಸ್ಕ್ ಅದೇ ಹಳೇದು, ಈಗ್ಲೂ ಓಡ್ತಾ ಉಂಟು.

ಇದೆಲ್ಲ ಮಾಡಿಯೂ ಅದೇ ಮೆಸೇಜ್ ಬಂದ್ರೆ ಬಯೋಸ್‌ನಲ್ಲಿ (ಲ್ಯಾಪ್‌ಟಾಪಿನ ಒಳಗಿನ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್ ನೋಡಿ, ಅದು ನಂಬಿಕೆಯ ಫೈಲನ್ನು ಮಾತ್ರ ಸ್ಟಾರ್ಟ್ ಆಗ್ಲಿಕ್ಕೆ ಬಿಡುವ ಕಾವಲು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿದ ಮೇಲೆಯೇ ಇಎಫ್‌ಐ ಪಾರ್ಟಿಷನ್ ಒಳಗಿನ ಉಬುಂಟು ಫೋಲ್ಡರಿನ ಶಿಮ್ ಫೈಲನ್ನು (ಗ್ರಬ್‌ಗಿಂತ ಮೊದಲು ಓಡುವ ಸಣ್ಣ ಫೈಲ್) ಟ್ರಸ್ಟೆಡ್ ಅಂತ ಸೇರಿಸ್ಲಿಕ್ಕೆ ಬಿಡುದು. ಆ ಪಾಸ್‌ವರ್ಡ್ ಮಾತ್ರ ಒಂದು ಕಡೆ ಬರೆದಿಡಿ, ಮರೆತ್ರೆ ಬಯೋಸ್ ಒಳಗೆ ಹೋಗ್ಲಿಕ್ಕೇ ಕಷ್ಟ ಆಗ್ತದೆ.