ಅಪ್ಪ ರೆಫರಿ, ಮಗನಿಗೆ ಚಿನ್ನ?

ಪ್ರಶ್ನೆ: ಇಂಗ್ಲೆಂಡ್ ಕ್ರಿಕೆಟ್ ತಂಡದ ನಾಯಕರೊಬ್ಬರು ಒಲಿಂಪಿಕ್ಸ್ ಬಾಕ್ಸಿಂಗ್‌ನಲ್ಲೂ ಚಿನ್ನ ಗೆದ್ದಿದ್ದರಂತೆ. ಆ ಫೈನಲ್‌ಗೆ ಅವರ ಅಪ್ಪನೇ ರೆಫರಿ, ಅದಕ್ಕೇ ಗೆದ್ದರು ಎಂದು ನನ್ನ ಗೆಳೆಯನ ವಾದ. ನಿಜವೇ?

ಉತ್ತರ: ಚಿನ್ನದ ಮಾತು ನಿಜ, ರೆಫರಿಯ ಮಾತು ಸುಳ್ಳು. ಆದರೂ ನಿಮ್ಮ ಗೆಳೆಯರನ್ನು ಪೂರ್ತಿ ದೂರುವಂತಿಲ್ಲ. ಈ ಕಥೆ ಹಬ್ಬಿಸಿದವರು ಸೋತ ಬಾಕ್ಸರೇ.

ನೀವು ಕೇಳಿರುವುದು ಜಾನಿ ಡಗ್ಲಸ್ ಅವರ ಬಗ್ಗೆ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಿಡಲ್‌ವೇಟ್ ಪಂದ್ಯಗಳೆಲ್ಲ ಒಂದೇ ದಿನ ಮುಗಿದವು. ಫೈನಲ್‌ನಲ್ಲಿ ಎದುರಾಳಿ ಆಸ್ಟ್ರೇಲಿಯಾದ ಸ್ನೋಯಿ ಬೇಕರ್. ಅವರೂ ಸಾಮಾನ್ಯರಲ್ಲ, ಅದೇ ಕೂಟದಲ್ಲಿ ಈಜು, ಡೈವಿಂಗ್‌ಗೂ ಇಳಿದಿದ್ದವರು. ಎರಡನೇ ಸುತ್ತಿನಲ್ಲಿ ಡಗ್ಲಸ್ ಏಟಿಗೆ ಬೇಕರ್ ನೆಲಕ್ಕೆ ಬಿದ್ದರೂ ಎದ್ದು ಕೊನೆಯವರೆಗೂ ಕಾದಾಡಿದರು, ಕೂದಲೆಳೆಯಲ್ಲಿ ಸೋತರು. ಆಗ ತೀರ್ಪು ಕೊಡುತ್ತಿದ್ದವರು ಇಬ್ಬರು ಜಡ್ಜ್‌ಗಳು. ಇಬ್ಬರದ್ದೂ ಒಂದೇ ಅಭಿಪ್ರಾಯವಾದರೆ ರೆಫರಿ ಬಾಯಿ ಬಿಡಬೇಕಾದ ಪ್ರಮೇಯವೇ ಇರಲಿಲ್ಲ. ಅವತ್ತಿನ ರೆಫರಿ ಯೂಜೀನ್ ಕೋರಿ. ಅಪ್ಪ ಡಗ್ಲಸ್ ಅಲ್ಲಿದ್ದದ್ದು ಹೌದು, ಹವ್ಯಾಸಿ ಬಾಕ್ಸಿಂಗ್ ಸಂಸ್ಥೆಯ ಅಧ್ಯಕ್ಷರಾಗಿ. ಪದಕ ಕೊಟ್ಟವರೂ ಅವರೇ. ದಶಕಗಳು ಕಳೆದ ಮೇಲೆ ಬೇಕರ್ ನೆನಪಿನಲ್ಲಿ ಪದಕ ಕೊಟ್ಟ ಕೈಯೇ ತೀರ್ಪು ಕೊಟ್ಟ ಕೈಯೂ ಆಗಿಬಿಟ್ಟಿತು!

ಇನ್ನು ಕ್ರಿಕೆಟ್. ಡಗ್ಲಸ್ 23 ಟೆಸ್ಟ್ ಆಡಿದರು, 18ರಲ್ಲಿ ನಾಯಕತ್ವ. 1911-12ರಲ್ಲಿ ನಾಯಕ ಪೆಲ್ಹಾಂ ವಾರ್ನರ್ ಕಾಯಿಲೆ ಬಿದ್ದಾಗ ತಂಡದ ಹೊಣೆ ಹೊತ್ತು ಆಸ್ಟ್ರೇಲಿಯಾದಲ್ಲಿ 4-1ರಿಂದ ಸರಣಿ ಗೆದ್ದರು. ಅದೇ ನೆಲದಲ್ಲಿ 1920-21ರಲ್ಲಿ 5-0ಯಿಂದ ಸೋತರು. ರಿಂಗ್‌ನಲ್ಲಿ ಅಷ್ಟು ಬಿರುಸಾಗಿ ಹೊಡೆಯುತ್ತಿದ್ದವರು ಕ್ರೀಸ್‌ನಲ್ಲಿ ಮಾತ್ರ ಗೋಡೆ ಕಟ್ಟಿ ನಿಲ್ಲುತ್ತಿದ್ದರು. ಹೆಸರಿನ ಮುಂದೆ ನಾಲ್ಕು ಇನಿಷಿಯಲ್: ಜೆ.ಡಬ್ಲ್ಯೂ.ಎಚ್.ಟಿ. ಆಸ್ಟ್ರೇಲಿಯಾದ ಪ್ರೇಕ್ಷಕರು ಅದನ್ನು ‘ಜಾನಿ ವೋಂಟ್ ಹಿಟ್ ಟುಡೇ’ ಎಂದು ಬಿಡಿಸಿದರು, ಅಂದರೆ ಜಾನಿ ಇವತ್ತು ಹೊಡೆಯಲ್ಲ.

ಅಪ್ಪ-ಮಗನ ಬಗ್ಗೆ ಇನ್ನೊಂದು ಸಂಗತಿಯನ್ನು ನಿಮ್ಮ ಗೆಳೆಯರಿಗೆ ಹೇಳಿ. 1930ರ ಡಿಸೆಂಬರ್ 19ರಂದು ಮರದ ವ್ಯಾಪಾರ ಮುಗಿಸಿ ಇಬ್ಬರೂ ಫಿನ್ಲೆಂಡ್‌ನಿಂದ ‘ಓಬೆರಾನ್’ ಹಡಗಿನಲ್ಲಿ ಮರಳುತ್ತಿದ್ದರು. ಡೆನ್ಮಾರ್ಕ್ ಬಳಿ ದಟ್ಟ ಮಂಜಿನಲ್ಲಿ ‘ಆರ್ಕ್ಟುರಸ್’ ಬಂದು ಗುದ್ದಿತು. ಮಗ ಅಪ್ಪನನ್ನು ಉಳಿಸಲು ಹೋದದ್ದನ್ನು ಬದುಕುಳಿದವರು ಕಂಡಿದ್ದರು. ಇಬ್ಬರೂ ಬರಲಿಲ್ಲ. ಗುದ್ದಿಕೊಂಡ ಆ ಎರಡೂ ಹಡಗುಗಳ ಕ್ಯಾಪ್ಟನ್‌ಗಳು ಅಣ್ಣ-ತಮ್ಮಂದಿರು.